ಸ್ಪಂಜು ಕಲಿಸಿದ ಪಾಠ

ಚಾಮರಾಜನಗರದ ಕಾಲೇಜೊಂದರಲ್ಲಿ ಮೂವತ್ತು ವರ್ಷ ರಸಾಯನಶಾಸ್ತ್ರವನ್ನು ಬೋಧಿಸಿದವನು ನಾನು. ಆದರೆ ಅಣುವಿನ ರಚನೆಯ ಮಹತ್ವ ಮನಸ್ಸಿಗೆ ನಾಟಿದ್ದು ನಿವೃತ್ತಿಯ ಅನಂತರ, ಭಾವನವರ ಹಾಸಿಗೆಯ ಪಕ್ಕದಲ್ಲಿ ಕುಳಿತಾಗ.

ಭಾವನವರು ಗುಂಡ್ಲುಪೇಟೆಯ ಬಳಿ ಅರಿಶಿನ ಬೆಳೆಯುತ್ತಿದ್ದ ರೈತರು. 2014ರ ಬೇಸಿಗೆಯಲ್ಲಿ ಅವರಿಗೆ ಬಿಡದ ಜ್ವರ, ವಸಡಿನಲ್ಲಿ ರಕ್ತ ಕಾಣಿಸಿಕೊಂಡವು. ಮೈಸೂರಿನಲ್ಲಿ ಪರೀಕ್ಷಿಸಿದಾಗ ತೀವ್ರಸ್ವರೂಪದ ರಕ್ತದ ಕ್ಯಾನ್ಸರ್ ಎಂದು ತಿಳಿಯಿತು. ತಡಮಾಡದೆ ಬೆಂಗಳೂರಿಗೆ ಹೋಗಿರೆಂದು ವೈದ್ಯರು ಹೇಳಿದರು. ಅಕ್ಕ ಒಪ್ಪಲಿಲ್ಲ.

"ಅರಿಶಿನಕ್ಕೆ ಕ್ಯಾನ್ಸರ್ ಕೊಲ್ಲೋ ಗುಣ ಇದೆ ಅಂತ ನೀನೇ ಹೇಳಿದ್ದೆ ಕಣಪ್ಪ. ಮನೆ ತುಂಬ ಅರಿಶಿನ ಇಟ್ಕೊಂಡು ವಿಷ ಯಾಕೆ ಹಾಕಿಸ್ಕೋಬೇಕು?" ಎಂದಳು.

ಹೇಳಿದ್ದು ನಿಜ. ಮದುವೆಮನೆಯೊಂದರಲ್ಲಿ, ಎಲ್ಲಿಯೋ ಓದಿದ ಉತ್ಸಾಹದಲ್ಲಿ ಹೇಳಿದ್ದೆ. ಪ್ರಯೋಗಶಾಲೆಯ ಗಾಜಿನ ತಟ್ಟೆಯಲ್ಲಿ ಅರಿಶಿನದ ಕರ್ಕ್ಯುಮಿನ್ ಕ್ಯಾನ್ಸರ್ ಕೋಶಗಳನ್ನು ತಡೆದುದುಂಟು. ಆದರೆ ನುಂಗಿದ ಕರ್ಕ್ಯುಮಿನ್ ರಕ್ತವನ್ನು ಸೇರುವುದು ಅತ್ಯಲ್ಪವೆಂಬುದನ್ನು ನಾನು ಹೇಳಿರಲಿಲ್ಲ. ನನ್ನ ಆ ಅರ್ಧ ಮಾತಿನಿಂದಾಗಿ ಹನ್ನೆರಡು ದಿನಗಳು ಕಷಾಯದಲ್ಲಿಯೇ ಕಳೆದುಹೋದವು.

ಕೊನೆಗೆ ಬೆಂಗಳೂರಿನ ಆಸ್ಪತ್ರೆಯಲ್ಲಿ ಚಿಕಿತ್ಸೆ ಆರಂಭವಾಯಿತು. ಏಳು ಹಗಲು ಏಳು ರಾತ್ರಿ ಸೈಟರಾಬಿನ್ ಎಂಬ ಔಷಧಿ ಹನಿಹನಿಯಾಗಿ ನರಕ್ಕೆ ಇಳಿಯಿತು. "ಇದು ಯಾವ ಗಿಡದ್ದು?" ಎಂದು ಅಕ್ಕ ಕೇಳಿದಳು. ಗಿಡದ್ದಲ್ಲ, ಕಡಲಿನ ಸ್ಪಂಜಿನಿಂದ ಹೊಳೆದದ್ದು ಎಂದು ಅಲ್ಲಿನ ಯುವವೈದ್ಯರೊಬ್ಬರು ಹೇಳಿದರು. ಅಂದಿನಿಂದ ನಾನು ಮತ್ತೆ ವಿದ್ಯಾರ್ಥಿಯಾದೆ.

ಫ್ಲಾರಿಡಾದ ಕಡಲಿನ ಸ್ಪಂಜೊಂದರಿಂದ ವರ್ನರ್ ಬರ್ಗ್‌ಮನ್ ಮತ್ತು ರಾಬರ್ಟ್ ಫೀನಿ ಎಂಬ ವಿಜ್ಞಾನಿಗಳು ಬೇರ್ಪಡಿಸಿದ ವಿಚಿತ್ರ ಪದಾರ್ಥಗಳ ವಿವರ 1950ರ ಸುಮಾರಿಗೆ ಪ್ರಕಟವಾಯಿತು. ನಮ್ಮ ಡಿ.ಎನ್.ಎ.ಯ ಸಕ್ಕರೆಯಲ್ಲಿ ಎರಡನೆಯ ಇಂಗಾಲಕ್ಕೆ ಹೈಡ್ರಾಕ್ಸಿಲ್ ಗುಂಪು ಇಲ್ಲ, ಆರ್.ಎನ್.ಎ.ಯ ಸಕ್ಕರೆಯಲ್ಲಿ ಅದು ಕೆಳಮುಖವಾಗಿರುತ್ತದೆ. ಸ್ಪಂಜಿನ ಪದಾರ್ಥಗಳಲ್ಲಿದ್ದ ಅರಾಬಿನೋಸ್ ಸಕ್ಕರೆಯಲ್ಲಿ ಮೇಲ್ಮುಖ! ಈ ಮಾದರಿಯನ್ನು ಅನುಸರಿಸಿ 1959ರಲ್ಲಿ ಸೈಟರಾಬಿನ್ ಅನ್ನು ಕೃತಕವಾಗಿ ತಯಾರಿಸಿದರು. 1969ರಲ್ಲಿ ಅಮೆರಿಕದಲ್ಲಿ ಅದಕ್ಕೆ ಔಷಧಿಯೆಂದು ಮಾನ್ಯತೆ ದೊರೆಯಿತು.

ಅಕ್ಕನಿಗೆ ಇದನ್ನು ಗೋಡೆಯ ಉದಾಹರಣೆಯಿಂದ ವಿವರಿಸಿದೆ. ವೇಗವಾಗಿ ಬೆಳೆಯುವ ಕ್ಯಾನ್ಸರ್ ಕೋಶ ಡಿ.ಎನ್.ಎ. ಎಂಬ ಗೋಡೆಯನ್ನು ಅವಸರದಲ್ಲಿ ಕಟ್ಟುತ್ತದೆ. ಸೈಟರಾಬಿನ್ ಅನ್ನೂ ತನ್ನ ಇಟ್ಟಿಗೆಯೆಂದು ಭ್ರಮಿಸಿ ಇರಿಸಿಕೊಳ್ಳುತ್ತದೆ. ಅದರ ಉಬ್ಬಿನಿಂದಾಗಿ ಮುಂದಿನ ಇಟ್ಟಿಗೆ ಸರಿಯಾಗಿ ಕೂರದೆ ಕೆಲಸ ನಿಲ್ಲುತ್ತದೆ. ಆರೋಗ್ಯವಂತ ಕೋಶಗಳೂ ಬೆಳೆಯುವಾಗ ಇದೇ ಪೆಟ್ಟು ತಿನ್ನುವುದರಿಂದ ಭಾವನವರ ಕೂದಲು ಉದುರಿತು, ಬಾಯಿ ಹುಣ್ಣಾಯಿತು.

ಇನ್ನೊಂದು ಸಂಗತಿ ನನ್ನನ್ನು ಬೆರಗುಗೊಳಿಸಿತು. ಶರೀರದ ಒಂದು ಕಿಣ್ವ ಸೈಟರಾಬಿನ್‌ನ ಅಮೈನೋ ಗುಂಪನ್ನು ತೆಗೆದು ಆ ಜಾಗದಲ್ಲಿ ಆಮ್ಲಜನಕವನ್ನು ಕೂರಿಸುತ್ತದೆ. ಅಷ್ಟರಿಂದಲೇ ಔಷಧಿ ನಿರುಪಯುಕ್ತ! ಹಾಗೆ ಉಳಿಯುವ ಪದಾರ್ಥವೇ ಸ್ಪಂಜಿನಲ್ಲಿ ಮೊದಲು ದೊರೆತ ಸ್ಪಂಜೋಯುರಿಡಿನ್. ಅಂದರೆ ನಿಸರ್ಗ ಕೊಟ್ಟದ್ದು ಮಾದರಿ ಮಾತ್ರ. ಔಷಧಿಯಾದದ್ದು ತಿದ್ದಿದ ಅಣು. ಈ ಕಿಣ್ವದ ಕಾಟದಿಂದಾಗಿಯೇ ಮಾತ್ರೆಯ ಬದಲು ದಿನಗಟ್ಟಲೆ ಹನಿಸುವುದು.

ಜಪಾನಿನ ಸ್ಪಂಜಿನದೂ ಇಂತಹುದೇ ಕಥೆ. 1986ರಲ್ಲಿ ವರದಿಯಾದ ಹ್ಯಾಲಿಕಾಂಡ್ರಿನ್ ಬಿ ಎಂಬ ಬೃಹತ್ ಅಣುವಿನ ಒಂದು ಭಾಗದಲ್ಲಿಯೇ ಅದರ ಶಕ್ತಿಯಿದೆ ಎಂದು ಅನಂತರ ತಿಳಿಯಿತು. ಆ ಭಾಗವನ್ನು ತಿದ್ದಿ ರಚಿಸಿದ ಎರಿಬುಲಿನ್‌ಗೆ 2010ರಲ್ಲಿ ಅಮೆರಿಕದಲ್ಲಿ, ಹರಡಿದ ಸ್ತನಕ್ಯಾನ್ಸರಿನ ಚಿಕಿತ್ಸೆಗೆಂದು ಮಾನ್ಯತೆ ಸಿಕ್ಕಿತು.

ಭಾವನವರು ಚೇತರಿಸಿಕೊಂಡು ಎರಡು ಸಲ ಅರಿಶಿನ ಕಿತ್ತು ಒಣಗಿಸಿದರು. 2017ರಲ್ಲಿ ಕಾಯಿಲೆ ಮರಳಿ ಬಂದು ಅವರನ್ನು ಕರೆದೊಯ್ದಿತು. ಆ ಹನ್ನೆರಡು ದಿನಗಳ ಬಗ್ಗೆ ಅಕ್ಕ ಒಮ್ಮೆಯೂ ನನ್ನನ್ನು ದೂರಲಿಲ್ಲ. ಅದು ನನಗೆ ಇನ್ನೂ ಭಾರವಾಗಿದೆ.

ಈಗಲೂ ಅಕ್ಕ ವರ್ಷಕ್ಕೊಮ್ಮೆ ಅರಿಶಿನ ಕಳಿಸುತ್ತಾಳೆ. ನಮ್ಮ ಮನೆಯ ಸಾರಿಗೆ ಅದೇ ಬಣ್ಣ, ಅದೇ ಪರಿಮಳ. ಅದರ ಗುಣಗಳನ್ನು ಯಾರಾದರೂ ಕೇಳಿದರೆ ಸಂತೋಷದಿಂದ ಹೇಳುತ್ತೇನೆ. ಕ್ಯಾನ್ಸರಿನ ಮಾತು ಬಂದಾಗ ಮಾತ್ರ, "ಮೊದಲು ಆಸ್ಪತ್ರೆಗೆ ಹೋಗಿ ಬನ್ನಿ, ಮಿಕ್ಕದ್ದನ್ನು ಆಮೇಲೆ ಮಾತಾಡೋಣ" ಎನ್ನುತ್ತೇನೆ.