ಕಾಫಿಗೆ ಮುಂಚಿನ ಒಂದು ಗಂಟೆ

ಜಯನಗರದಲ್ಲಿ ಬೆಳಗಿನ ಆರು ಗಂಟೆಗೆ ಯಾವ ಅಡುಗೆಮನೆಗೆ ಹೋಗಿ ನೋಡಿದರೂ ಇಬ್ಬರು ಎದುರಾಳಿಗಳು ಸಿಗುತ್ತಾರೆ. ಒಬ್ಬ, ರಾತ್ರಿಯೇ ಫಿಲ್ಟರಿನಲ್ಲಿ ಇಳಿದು ಕೂತಿರುವ ಡಿಕಾಕ್ಷನ್. ಇನ್ನೊಬ್ಬ, ಥೈರಾಯ್ಡ್ ಮಾತ್ರೆಯ ಬಾಟಲಿ. ಮೊದಲಿನವನಿಗೆ ಈ ಮನೆಗಳಲ್ಲಿ ತಲೆಮಾರುಗಳ ಹಕ್ಕಿದೆ. ಎರಡನೆಯವನು ನಿನ್ನೆ ಮೊನ್ನೆ ಬಂದವನು, ಬಂದವನೇ ಷರತ್ತು ಹಾಕುತ್ತಾನೆ: ಬರಿಹೊಟ್ಟೆಗೆ ಮೊದಲು ನಾನು, ಬರೀ ನೀರಿನ ಜೊತೆ, ಆಮೇಲೆ ಅರ್ಧ ಗಂಟೆಯೋ ಒಂದು ಗಂಟೆಯೋ ಯಾರೂ ಒಳಗೆ ಬರಕೂಡದು. ಕಾಫಿಯಂತೂ ಕೂಡದೇ ಕೂಡದು. ಹಿಂದೆಯೇ ಕಾಫಿ ಹೋದರೆ ಮಾತ್ರೆ ಮೈಗೆ ಹತ್ತುವುದು ಕಡಿಮೆಯಾಗುತ್ತದೆ.

ಅಮ್ಮನಿಗೆ ಎಪ್ಪತ್ತಾರು. ಎದ್ದು ಮುಖ ತೊಳೆದ ಮೇಲೆ ಕಾಫಿ ಕುಡಿಯದೆ ದೇವರ ಮನೆಯ ಬಾಗಿಲನ್ನೂ ತೆಗೆದವಳಲ್ಲ. ಮಾತ್ರೆಯ ನಿಯಮವನ್ನೆಲ್ಲ ಕೇಳಿಸಿಕೊಂಡು, "ಇದಕ್ಕಿರೋಷ್ಟು ಮಡಿ ನಮ್ಮತ್ತೆಗೂ ಇರಲಿಲ್ಲ ಕಣೇ" ಅಂದಳು.

ಕಾಯಿಲೆ ಗೊತ್ತಾಗಿದ್ದು ನಿಧಾನವಾಗಿ. ಥೈರಾಯ್ಡ್ ಕುಗ್ಗುವಾಗ ಕೊಡುವ ಸೂಚನೆಗಳೆಲ್ಲ ಮುಪ್ಪಿನ ಸೂಚನೆಗಳೇ. ಏಪ್ರಿಲ್ ಬಿಸಿಲಲ್ಲಿ ಸ್ವೆಟರ್ ಹಾಕಿಕೊಂಡು ಕೂತರೆ ವಯಸ್ಸಾಯ್ತಲ್ಲ. ಮಧ್ಯಾಹ್ನ ಮಲಗಿದವಳು ದೀಪ ಹಚ್ಚುವ ಹೊತ್ತಾದರೂ ಏಳದಿದ್ದರೆ ವಯಸ್ಸಾಯ್ತಲ್ಲ. ಮಲಬದ್ಧತೆಗೆ ಬಾಳೆಹಣ್ಣು, ಕೂದಲು ಉದುರಿದ್ದಕ್ಕೆ ಬೋರ್‌ವೆಲ್ ನೀರು, ದನಿ ಗೊಗ್ಗರಾದದ್ದಕ್ಕೆ ಫ್ಯಾನು. ಮದುವೆಯೊಂದರಲ್ಲಿ ನೆಂಟರೊಬ್ಬರು ಆಕೆಯ ಊದಿದ ಮುಖ ನೋಡಿ "ಮೈ ತುಂಬಿಕೊಂಡಿದ್ದೀರಿ, ಕಳೆ ಬಂದಿದೆ" ಅಂತ ಹೊಗಳಿದ್ದೂ ಆಯಿತು. ಪಾದ ಜೋಮು ಹಿಡಿಯುತ್ತದೆ ಎಂದು ಹೇಳಿದ್ದಕ್ಕೆ ಬನಶಂಕರಿಯ ಚಿಕ್ಕಮ್ಮ ಎಳ್ಳೆಣ್ಣೆ ಕಳಿಸಿದರು. ಒಂದೊಂದು ದೂರಿಗೂ ಒಂದೊಂದು ಕಾರಣ ಸಿಗುತ್ತಿದ್ದುದರಿಂದ ಎಲ್ಲವನ್ನೂ ಸೇರಿಸಿ ನೋಡುವ ಅಗತ್ಯ ಯಾರಿಗೂ ಕಾಣಲಿಲ್ಲ. ಸೇರಿಸಿ ನೋಡಿದವರು ನಮ್ಮ ಡಾಕ್ಟರು. ಮೊಣಕೈ ಒರಟಾಗಿರುವುದನ್ನು ಮುಟ್ಟಿ ನೋಡಿ, ನಾಡಿ ಹಿಡಿದು, ಮೂರು ಟೆಸ್ಟ್ ಬರೆದರು. ಟಿಎಸ್‌ಎಚ್ 18, ಬಿ12 ನೂರನಲವತ್ತರ ಆಸುಪಾಸು, ವಿಟಮಿನ್ ಡಿ 11. ಮೊದಲನೆಯದು ಇರಬೇಕಾದ್ದಕ್ಕಿಂತ ಬಹಳ ಮೇಲೆ, ಉಳಿದೆರಡು ಬಹಳ ಕೆಳಗೆ.

ಟಿಎಸ್‌ಎಚ್‌ನ ತರ್ಕ ಅಮ್ಮನಿಗೆ ಅರ್ಥ ಮಾಡಿಸುವಷ್ಟರಲ್ಲಿ ಸಾಕಾಯಿತು. ಗ್ರಂಥಿ ಕೆಲಸ ಕಮ್ಮಿ ಮಾಡಿದರೆ ಅಂಕಿ ಯಾಕೆ ಜಾಸ್ತಿಯಾಗಬೇಕು? ಅದು ಥೈರಾಯ್ಡಿನದಲ್ಲ, ತಲೆಯೊಳಗಿನ ಪಿಟ್ಯುಟರಿ ಗ್ರಂಥಿ ಥೈರಾಯ್ಡನ್ನು ಏಳಿಸಲು ಕಳಿಸುವ ಹಾರ್ಮೋನು. ಅದು ಏಳದಿದ್ದಷ್ಟೂ ಇದು ಜಾಸ್ತಿ ಕೂಗುತ್ತದೆ ಎಂದೆ. "ಓ, ನಾನು ನಿನ್ನನ್ನ ಸ್ಕೂಲಿಗೆ ಎಬ್ಬಿಸ್ತಿದ್ದ ಹಾಗೆ" ಎಂದು ಒಂದೇ ಮಾತಿನಲ್ಲಿ ಮುಗಿಸಿದಳು.

ಡಾಕ್ಟರು ಆತುರಪಡಲಿಲ್ಲ. ಇಪ್ಪತ್ತೈದು ಮೈಕ್ರೋಗ್ರಾಂನಿಂದ ಶುರು. ವಯಸ್ಸಾದವರಿಗೆ ಒಮ್ಮೆಗೇ ಪೂರ್ತಿ ಡೋಸ್ ಕೊಟ್ಟರೆ ಹೃದಯಕ್ಕೆ ಭಾರ. ಅತಿಯಾದರೆ ಎದೆಬಡಿತ ತಾಳ ತಪ್ಪುತ್ತದೆ, ಮೂಳೆಯೂ ಸವೆಯುತ್ತದೆ. ಆರರಿಂದ ಎಂಟು ವಾರ ಬಿಟ್ಟು ಮತ್ತೆ ಟೆಸ್ಟ್, ಆಮೇಲೆ ಮುಂದಿನ ಮೆಟ್ಟಿಲು. ಎಪ್ಪತ್ತು ದಾಟಿದವರಲ್ಲಿ ಟಿಎಸ್‌ಎಚ್ ತಾನಾಗಿಯೇ ಸ್ವಲ್ಪ ಏರುತ್ತದೆ, ಹತ್ತರ ಒಳಗಿದ್ದರೆ ಎಷ್ಟೋ ಸಲ ಔಷಧಿಯನ್ನೇ ಕೊಡದೆ ಕಾಯುತ್ತೇವೆ ಎಂದೂ ಹೇಳಿದರು. ಈ ಮಾತು ನನಗೆ ಬಹಳ ಹಿಡಿಸಿತು. ನಮ್ಮ ಕಡೆ ಈಗ ಫೋನಿನಲ್ಲಿ ಕರೆದರೆ ಹುಡುಗ ಸ್ಕೂಟರಿನಲ್ಲಿ ಬಂದು ರಕ್ತ ಎಳೆದುಕೊಂಡು ಹೋಗುತ್ತಾನೆ, ಸಂಜೆಯೊಳಗೆ ಅರವತ್ತು ಅಂಕಿಗಳ ರಿಪೋರ್ಟು ಬರುತ್ತದೆ, ಅದರಲ್ಲಿ ದಪ್ಪ ಅಕ್ಷರದಲ್ಲಿರುವುದೆಲ್ಲ ಕಾಯಿಲೆ ಎಂದು ಮನೆಮಂದಿ ಹೌಹಾರುತ್ತಾರೆ. ಯಾವ ಅಂಕಿಯನ್ನು ಅದರ ಪಾಡಿಗೆ ಬಿಡಬೇಕು ಅಂತ ಹೇಳುವವರಿಗೆ ಫೀಸು ಕೊಟ್ಟರೆ ದುಡ್ಡು ದಂಡವಲ್ಲ.

ಆಮೇಲೆ ಶುರುವಾಯಿತು ಮಾತ್ರೆಗಳ ಪಂಚಾಂಗ. ಥೈರಾಯ್ಡ್ ಮಾತ್ರೆಗೂ ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಿಗೂ ನಾಲ್ಕು ಗಂಟೆ ಅಂತರ ಬೇಕು. ಹಾಗಾಗಿ ಕ್ಯಾಲ್ಸಿಯಂ ಮಧ್ಯಾಹ್ನದ ಊಟಕ್ಕೆ ಹೋಯಿತು. ಬೆಳಿಗ್ಗೆ ತಿಂಡಿಗೆ ಮುಂಚೆ ನುಂಗುವ ಪ್ಯಾನ್ ಫಾರ್ಟಿ ಒಂದಿತ್ತು. ಹೊಟ್ಟೆಯ ಆಮ್ಲ ತಗ್ಗಿಸುವ ಆ ಮಾತ್ರೆ ಥೈರಾಯ್ಡ್ ಮಾತ್ರೆ ಒಳಸೇರುವುದಕ್ಕೂ ಅಡ್ಡಿ, ಊಟದಲ್ಲಿರುವ ಬಿ12 ಬಿಡಿಸಿಕೊಳ್ಳುವುದಕ್ಕೂ ಅಡ್ಡಿ. ಯಾರು ಬರೆದುಕೊಟ್ಟಿದ್ದು ಎಂದು ಡಾಕ್ಟರು ಕೇಳಿದರೆ ಮನೆಯಲ್ಲಿ ಯಾರಿಗೂ ನೆನಪಿಲ್ಲ. ಯಾವುದೋ ಕಾಲದಲ್ಲಿ ಯಾವುದೋ ಎದೆಯುರಿಗೆ ಬಂದು, ಬಾಡಿಗೆದಾರನಂತೆ ಅಲ್ಲೇ ಉಳಿದುಬಿಟ್ಟಿತ್ತು. ಡಾಕ್ಟರು ಅದನ್ನು ಬಿಡಿಸಿದರು. ಇನ್ನು ಅಮೆರಿಕದಿಂದ ತಮ್ಮ ಕಳಿಸಿದ ದೊಡ್ಡ ಡಬ್ಬಿ, ಕೂದಲಿಗೂ ಉಗುರಿಗೂ ಒಳ್ಳೆಯದೆನ್ನುವ ಮಲ್ಟಿವಿಟಮಿನ್. ಅದರಲ್ಲಿ ಬಯೋಟಿನ್ ದಂಡಿಯಾಗಿರುತ್ತದೆ. ಬಯೋಟಿನ್ ಥೈರಾಯ್ಡನ್ನು ಕೆಡಿಸುವುದಿಲ್ಲ, ಆದರೆ ಲ್ಯಾಬಿನ ಕೆಲವು ಬಗೆಯ ಟೆಸ್ಟ್‌ಗಳಲ್ಲಿ ಟಿಎಸ್‌ಎಚ್ ಸುಳ್ಳುಸುಳ್ಳೇ ಕಡಿಮೆ ತೋರಿಸುತ್ತದೆ. ರಕ್ತ ಕೊಡುವ ಎರಡು ದಿನ ಮುಂಚೆಯೇ ನಿಲ್ಲಿಸಬೇಕು. ತಮ್ಮನಿಗೆ ಇದನ್ನು ಹೇಳಿದರೆ ಫೋನಿನಲ್ಲೇ ಮುನಿಸು.

ಒಂದು ಸಂಜೆ ಅಮ್ಮನ ಮನಸ್ಸು ಹಗುರ ಮಾಡೋಣವೆಂದು ಔಷಧಿಯ ಕಥೆ ಹೇಳಿದೆ. 1891ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಜಾರ್ಜ್ ಮರ್ರೆ ಎಂಬ ಎಳೆಯ ಡಾಕ್ಟರು, ಊದಿಕೊಂಡು ಮಂಕಾಗಿದ್ದ ನಲವತ್ತಾರರ ಹೆಂಗಸಿಗೆ ಕುರಿಯ ಥೈರಾಯ್ಡ್ ಗ್ರಂಥಿಯ ರಸವನ್ನು ಸೂಜಿಯಲ್ಲಿ ಕೊಟ್ಟ. ಆಕೆ ಚೇತರಿಸಿಕೊಂಡು ಇನ್ನೂ ಇಪ್ಪತ್ತೆಂಟು ವರ್ಷ ಬದುಕಿದಳು. 1914ರ ಕ್ರಿಸ್‌ಮಸ್ ದಿನ ಅಮೆರಿಕದಲ್ಲಿ ಎಡ್ವರ್ಡ್ ಕೆಂಡಾಲ್ ಆ ಗ್ರಂಥಿಯಿಂದ ಥೈರಾಕ್ಸಿನ್ ಹರಳನ್ನು ಬೇರ್ಪಡಿಸಿದ. ಅಮ್ಮನ ಕಿವಿಗೆ ಬಿದ್ದದ್ದು ಕುರಿ ಒಂದೇ. ಮಾತ್ರೆಯ ಬಾಟಲಿಯನ್ನು ದೂರ ಸರಿಸಿದಳು. ಈಗಿನದು ಪ್ರಯೋಗಾಲಯದಲ್ಲೇ ತಯಾರಾಗುವುದು, ಕುರಿಗೂ ಇದಕ್ಕೂ ಸಂಬಂಧವಿಲ್ಲ ಎಂದು ಪ್ರಮಾಣ ಮಾಡಿದ ಮೇಲೆ ಹತ್ತಿರ ಬಂದಳು. ಸಂಬಂಧವಿರುವುದು ವಿಟಮಿನ್ ಡಿಗೆ. ವಾರಕ್ಕೊಮ್ಮೆ ಹಾಲಿಗೆ ಬೆರೆಸುವ ಅರವತ್ತು ಸಾವಿರ ಯೂನಿಟ್ಟಿನ ಪುಡಿಯಲ್ಲಿರುವ ಡಿ3 ಸಾಮಾನ್ಯವಾಗಿ ಕುರಿಯ ಉಣ್ಣೆಯ ಜಿಡ್ಡಿನಿಂದ ಬರುವಂಥದ್ದು. ಬಾಯಿ ತಪ್ಪಿ ಅದನ್ನೂ ಹೇಳಿಬಿಟ್ಟೆ. ಅಮ್ಮ ಕಣ್ಣು ಮುಚ್ಚಿ ಯೋಚಿಸಿ ತೀರ್ಪು ಕೊಟ್ಟಳು: "ಉಣ್ಣೆ ಮಡಿಗೆ ಬರತ್ತೆ. ನಿಮ್ಮಜ್ಜಿ ಧಾಬಳಿ ಉಡ್ತಿರ್ಲಿಲ್ವೇ?" ಮೆತ್ತನೆಯ ಕ್ಯಾಪ್ಸೂಲು ಮಾತ್ರ ಬೇಡ, ಅದರ ಹೊರಪದರ ಜೆಲಾಟಿನ್ನು. ಪುಡಿಯೇ ಆಗಬೇಕು.

ಆ ಪುಡಿಯ ಬಗ್ಗೆ ಒಂದು ಮಾತು. ಎಂಟು ವಾರಕ್ಕೆ ಬರೆದುಕೊಟ್ಟಿದ್ದನ್ನು ವರ್ಷಗಟ್ಟಲೆ ಕುಡಿಯುವವರು ನಮ್ಮ ಬೀದಿಯಲ್ಲೇ ಇದ್ದಾರೆ. "ವಿಟಮಿನ್ ತಾನೇ, ಹೆಚ್ಚಾದರೆ ಏನಾಗತ್ತೆ?" ಬಿ ಗುಂಪಿನವು ಹೆಚ್ಚಾದರೆ ಬಹುಪಾಲು ಮೂತ್ರದಲ್ಲಿ ಹೋಗುತ್ತವೆ. ಡಿ ಹಾಗಲ್ಲ, ಕೊಬ್ಬಿನಲ್ಲಿ ಕೂಡಿಕೊಳ್ಳುತ್ತದೆ, ಮಿತಿಮೀರಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ.

ಬಿಸಿಲು ಇರುವ ಊರಿನಲ್ಲಿ ಬಿಸಿಲನ್ನು ಪೊಟ್ಟಣದಲ್ಲಿ ಕೊಳ್ಳುವುದೇನು ಎಂದು ನನಗೂ ಅನ್ನಿಸಿತ್ತು. ಆದರೆ ಡಿ ಹುಟ್ಟಿಸುವ ಕಿರಣ ಕಿಟಕಿಯ ಗಾಜು ದಾಟುವುದಿಲ್ಲ, ಮುಂಜಾನೆಯ ಓರೆ ಬಿಸಿಲಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ನಮ್ಮ ನೆರಳು ನಮಗಿಂತ ಗಿಡ್ಡವಾಗಿರುವ ಹೊತ್ತಿನ ಬಿಸಿಲೇ ಬೇಕು. ಲಕ್ಷ್ಮಣರಾವ್ ಪಾರ್ಕಿನಲ್ಲೂ ಮಾಧವನ್ ಪಾರ್ಕಿನಲ್ಲೂ ಆರಕ್ಕೆ ಬಂದು ಏಳೂವರೆಗೆ ಮನೆ ಸೇರುವ ಹಿರಿಯರಿಗೆ ಆರೋಗ್ಯ, ರಾಜಕೀಯ, ಅಳಿಯಂದಿರ ಸುದ್ದಿ ಎಲ್ಲ ಸಿಗುತ್ತದೆ, ಡಿ ಸಿಗುವುದಿಲ್ಲ. 1948ರಲ್ಲಿ ಶುರುವಾದ ಈ ಬಡಾವಣೆಯಲ್ಲಿ ಮೊದಲು ಸೈಟಿನ ನಡುವೆ ಮನೆ, ಸುತ್ತ ಜಾಗ, ಹಿತ್ತಲಲ್ಲಿ ಒಗೆಯುವ ಕಲ್ಲು. ಶಿವರಾತ್ರಿ ಕಳೆದರೆ ತಾರಸಿಯ ತುಂಬ ಸಂಡಿಗೆ ಹಪ್ಪಳ, ಕಾಗೆ ಓಡಿಸುವ ನೆಪದಲ್ಲಿ ಹೆಂಗಸರೆಲ್ಲ ನೆತ್ತಿಯ ಬಿಸಿಲಲ್ಲೇ. ಈಗ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟ್ ತಾರಸಿವರೆಗೆ ಹೋಗುವುದಿಲ್ಲ, ತಾರಸಿಯ ಕೀಲಿ ಅಸೋಸಿಯೇಷನ್ನಿನ ಸೆಕ್ರೆಟರಿಯ ಹತ್ತಿರ. ಪಾರ್ಕಿಂಗ್ ಪಕ್ಕದಲ್ಲಿ ಹನ್ನೊಂದೂವರೆಗೆ ಒಂದು ಪಟ್ಟಿ ಬಿಸಿಲು ಬೀಳುತ್ತದೆ. ಅಮ್ಮ ಅಲ್ಲಿ ಕುರ್ಚಿ ಹಾಕಿಕೊಂಡು ಕೂತರೆ ಸೆಕ್ಯುರಿಟಿಯವನು ಪಾಪ, "ನೆರಳಿಗೆ ಬನ್ನಿ ಅಮ್ಮಾ" ಅನ್ನುತ್ತಾನೆ.

ಬಿ12ಗೆ ಇಂಜೆಕ್ಷನ್. ಅದು ಕೆಂಪಗಿರುತ್ತದೆ, ಒಳಗಿನ ಕೋಬಾಲ್ಟಿನಿಂದ. ಹಾಲು ಮೊಸರು ಬಿಟ್ಟರೆ ಶಾಕಾಹಾರಿಗಳಿಗೆ ಬೇರೆ ದಾರಿ ಕಡಿಮೆ. ವಯಸ್ಸಾದಂತೆ ಅದನ್ನು ಹೀರಿಕೊಳ್ಳುವ ಶಕ್ತಿಯೂ ಇಳಿಯುತ್ತದೆ. ಕೆಂಪು ಬಣ್ಣ ನೋಡಿದ ಅಮ್ಮನಿಗೆ ಇದೊಂದೇ ನಿಜವಾದ ಔಷಧಿ ಎಂಬ ನಂಬಿಕೆ ಬಂತು. ಜೋಮು ನಿಧಾನವಾಗಿ ಇಳಿಯಿತು.

ಏಕಾದಶಿಯ ಪ್ರಶ್ನೆಯೂ ಎದ್ದಿತು. ಥೈರಾಕ್ಸಿನ್ ದೇಹದಲ್ಲಿ ಅರ್ಧಕ್ಕಿಳಿಯಲು ಸುಮಾರು ಏಳು ದಿನ ಬೇಕು, ಒಂದು ದಿನ ತಪ್ಪಿದರೆ ಪ್ರಾಣ ಹೋಗುವುದಿಲ್ಲ ಎಂದು ಡಾಕ್ಟರು ಸಮಾಧಾನಕ್ಕೆ ಹೇಳಿದ್ದನ್ನು ಆಕೆ ಅಪ್ಪಣೆಯೆಂದು ತಿಳಿದಿದ್ದಾಳೆ. ಅಂದು ಮಾತ್ರೆ ಇಲ್ಲ, ಕಾಫಿ ಆರಕ್ಕೇ. ಕಾಫಿಗೆ ಏಕಾದಶಿ ಅಡ್ಡಿ ಬರುವುದಿಲ್ಲ.

ಟಿಎಸ್‌ಎಚ್ ಈಗ ನಾಲ್ಕರ ಹತ್ತಿರವಿದೆ. ಸ್ವೆಟರ್ ಬೀರು ಸೇರಿದೆ, ದನಿ ತಿಳಿಯಾಗಿದೆ. ಆದರೂ ಅಮ್ಮ ರಾಗಿಗುಡ್ಡಕ್ಕೆ ಹೋಗುತ್ತಿಲ್ಲ, ಶುಕ್ರವಾರದ ಭಜನೆಗೂ ಇಲ್ಲ. ಡೋಸ್ ಇನ್ನೂ ಏರಿಸಬೇಕೇನೋ ಎಂದು ನಾನು ಡಾಕ್ಟರನ್ನು ಕೇಳಿದೆ. ಅವರು ಅಮ್ಮನನ್ನೇ ಕೇಳಿದರು. "ಭಜನೆಗೆ ಯಾರಿದಾರೆ ಅಂತ ಹೋಗಲಿ? ಕಮಲ ಹೋದಳು, ಪದ್ಮಾವತಿ ಹೋದಳು, ಉಳಿದವಳನ್ನ ಮಗ ವೈಟ್‌ಫೀಲ್ಡಿಗೆ ಕರಕೊಂಡು ಹೋದ." ಡಾಕ್ಟರು ಡೋಸ್ ಮುಟ್ಟಲಿಲ್ಲ. ವಯಸ್ಸಿನದೆಂದು ತಳ್ಳಿಹಾಕಿದ್ದರಲ್ಲಿ ಥೈರಾಯ್ಡ್ ಎಷ್ಟು ಅಡಗಿತ್ತೋ, ಥೈರಾಯ್ಡಿನದೆಂದು ನಾನು ತಿಳಿದದ್ದರಲ್ಲಿ ಬೇರೆಯದು ಅಷ್ಟೇ ಅಡಗಿತ್ತು. ಅದಕ್ಕೆ ಲ್ಯಾಬಿನಲ್ಲಿ ಟೆಸ್ಟ್ ಇಲ್ಲ.

ಲ್ಯಾಬಿನ ಬೆಂಚಿದೆ ಮಾತ್ರ. ಹೋದ ಸಲ ರಕ್ತ ಕೊಡಲು ನಾಲ್ಕನೇ ಬ್ಲಾಕಿಗೆ ಹೋದಾಗ ಪಕ್ಕದಲ್ಲಿ ಕೂತಿದ್ದ ಜೆ.ಪಿ. ನಗರದ ಹೆಂಗಸೊಬ್ಬರಿಗೂ ಅಮ್ಮನಿಗೂ ಮಾತು ಬೆಳೆಯಿತು. ನಿಮ್ಮದೆಷ್ಟು, ನನ್ನದಿಷ್ಟು, ನಿಮಗೆ ಐವತ್ತಾ, ನನಗೆ ಎಪ್ಪತ್ತೈದು. ರಕ್ತ ಕೊಟ್ಟಾದ ಮೇಲೆ ಇಬ್ಬರೂ ಹೋಟೆಲಿನಲ್ಲಿ ಖಾಲಿ ದೋಸೆ ತಿಂದು ಕಾಫಿ ಕುಡಿದು ಫೋನ್ ನಂಬರು ಬದಲಾಯಿಸಿಕೊಂಡರು. ಇನ್ನು ಮನೆಗೆ ಹುಡುಗನನ್ನು ಕರೆಸುವುದು ಬೇಡವಂತೆ. ಡಾಕ್ಟರು ಅಮ್ಮನಿಗೆ ಮುಂದಿನ ಟೆಸ್ಟ್ ಆರು ತಿಂಗಳಿಗೆ ಅಂದಿದ್ದಾರೆ. ಆ ಹೆಂಗಸಿನದು ಎರಡು ತಿಂಗಳಿಗೇ ಇದೆ. ಅಮ್ಮ ನಿನ್ನೆಯಿಂದ, ಸ್ವಲ್ಪ ಚಳಿಯಾಗುತ್ತಿದೆ ಎನ್ನುತ್ತಿದ್ದಾಳೆ.