ಮುನ್ನೂರ ಮೂವತ್ತು ವೋಲ್ಟಿನ ರಾತ್ರಿ

ಮಾರ್ಚ್ ಕೊನೆ. ಪಿರಿಯಾಪಟ್ಟಣ ತಾಲ್ಲೂಕು, ಬೆಟ್ಟದಪುರದಾಚೆಯ ಒಂದು ಹೊಲ. ರಾತ್ರಿ ಹತ್ತೂವರೆಗೆ ತ್ರೀ ಫೇಸ್ ಬಂದಿದೆ. ಯಾರೂ ಬಂದು ಹೇಳಬೇಕಿಲ್ಲ. ಸುತ್ತಲ ಹೊಲಗಳಲ್ಲಿ ಆಟೋ ಸ್ಟಾರ್ಟರ್‌ಗಳು ಟಪ್ ಟಪ್ ಎಂದು ಕೂರುತ್ತಿವೆ. ಒಂದೊಂದು ಸದ್ದಿಗೂ ಮೋಟರ್ ಮನೆಯ ಬಲ್ಬು ಒಂದಿಷ್ಟು ಕಂದುತ್ತದೆ.

ಮೋಟರ್ ಮನೆ ಎಂದರೆ ಶೀಟು ಹೊದಿಸಿದ ಗೂಡು. ಒಳಗೆ ಹುಣಸೂರಿನ ವೈಂಡಿಂಗ್ ಮೇಸ್ತ್ರಿ ಕುಕ್ಕರಗಾಲಿನಲ್ಲಿ ಕೂತಿದ್ದಾರೆ. ಇಲ್ಲಿನ ಐದು ಎಚ್‌ಪಿ ಮೋಟರು ಒಂದೇ ವರ್ಷದಲ್ಲಿ ಎರಡು ಸಲ ಸುಟ್ಟಿದೆ. ಬೋರ್‌ನಿಂದ ಎತ್ತಿಸಿ, ಕಾಯಿಲ್ ಸುತ್ತಿಸಿ, ಮತ್ತೆ ಇಳಿಬಿಡುವಷ್ಟರಲ್ಲಿ ಹೊಗೆಸೊಪ್ಪಿನ ಸಸಿಮಡಿ ಅರ್ಧ ಬಾಡಿತ್ತು. ರೈತನ ಮಗ ಟಾರ್ಚ್ ಹಿಡಿದು ನಿಂತಿದ್ದಾನೆ. ನಾಳಿದ್ದು ಎಸ್ಸೆಸ್ಸೆಲ್ಸಿ ವಿಜ್ಞಾನದ ಪರೀಕ್ಷೆ.

ಮೇಸ್ತ್ರಿ ಟಾಂಗ್ ಟೆಸ್ಟರ್ ಹುಡುಗನ ಕೈಗೆ ಕೊಡುತ್ತಾರೆ. ಅವನು ಗುಂಡಿ ಒತ್ತಿ ಅದರ ಬಾಯಿ ತೆರೆದು, ಕೆಂಪು, ಹಳದಿ, ನೀಲಿ ಮೂರೂ ತಂತಿಯನ್ನು ಒಟ್ಟಿಗೆ ಕಚ್ಚಿಸುತ್ತಾನೆ. ಮೋಟರು ಓಡುತ್ತಿದೆ, ಪೈಪಿನಲ್ಲಿ ನೀರು ಬರುತ್ತಿದೆ, ಮೀಟರಿನಲ್ಲಿ ಮಾತ್ರ ಸೊನ್ನೆ.

"ಮೂರನ್ನೂ ಹಿಡಿದ್ರೆ ಒಂದಕ್ಕೊಂದು ವಜಾ ಆಗೋಯ್ತದೆ ಮಗ. ಕೆಂಪು ಒಂದನ್ನೇ ಹಿಡಿ."

ಈಗ 11.5 ಆಂಪಿಯರ್. ಪ್ಯಾನೆಲ್ ಬೋರ್ಡಿನ ವೋಲ್ಟ್ ಮೀಟರಿನ ಮುಳ್ಳು 330ರಲ್ಲಿ ನಡುಗುತ್ತಿದೆ. ಮೋಟರಿನ ತಗಡಿನ ಮೇಲೆ ಬರೆದಿರುವುದು 415 ವೋಲ್ಟ್, 9 ಆಂಪಿಯರ್.

ಹುಡುಗ ಬಾಯಲ್ಲೇ ಭಾಗಿಸುತ್ತಾನೆ: "ರೋಧ ಅಂದ್ರೆ ವೋಲ್ಟ್ ಭಾಗಿಸು ಆಂಪಿಯರ್. 28 ಚಿಲ್ಲರೆ ಓಮ್, ಅಲ್ವಾ ಮಾವ?"

ಮೇಸ್ತ್ರಿ ಮಾತಾಡದೆ ಸ್ಟಾರ್ಟರ್ ನಿಲ್ಲಿಸುತ್ತಾರೆ, ಮೇನ್ ಇಳಿಸುತ್ತಾರೆ, ಕೇಬಲ್ಲಿನ ಎರಡು ತುದಿಗೆ ಮಲ್ಟಿಮೀಟರ್ ಮುಟ್ಟಿಸುತ್ತಾರೆ. ನಾಲ್ಕು ಓಮಿನ ಆಸುಪಾಸು ತೋರಿಸುತ್ತದೆ. ಇಪ್ಪತ್ತೆಂಟೆಲ್ಲಿ, ನಾಲ್ಕೆಲ್ಲಿ!

ಪಠ್ಯದ ಸೂತ್ರ ಸುಳ್ಳಲ್ಲ. ತೋಟದ ಮನೆಯಲ್ಲಿ ನೀರು ಕಾಯಿಸುವ ಸಾವಿರ ವ್ಯಾಟಿನ ಕಾಯಿಲ್ಲಿಗೆ ಅದು ಚೆನ್ನಾಗಿ ಒಪ್ಪುತ್ತದೆ: 230 ವೋಲ್ಟಿಗೆ 4.35 ಆಂಪಿಯರ್, ಅಂದರೆ ಸುಮಾರು 53 ಓಮ್. ತ್ರೀ ಫೇಸ್ 330ಕ್ಕೆ ಇಳಿದರೆ ಮನೆಯ ಸಿಂಗಲ್ ಫೇಸಿಗೆ ಸಿಗುವುದು 190 ವೋಲ್ಟ್. ಆಗ ಕಾಯಿಲ್ 3.6 ಆಂಪಿಯರ್ ಎಳೆದು, 680 ವ್ಯಾಟಿನಲ್ಲಿ ತೆವಳುತ್ತದೆ. ನೀರು ಕಾಯುವುದು ತಡ, ಅಷ್ಟೇ, ಏನೂ ಸುಡುವುದಿಲ್ಲ.

ಮೋಟರಿನ ಸ್ವಭಾವವೇ ಬೇರೆ. ಅದು ತಿರುಗುತ್ತಿರುವಾಗ ಕಾಯಿಲ್ಲಿನೊಳಗೇ ಎದುರು ವೋಲ್ಟೇಜ್ ಹುಟ್ಟಿ ಒಳಬರುವ ಕರೆಂಟನ್ನು ತಡೆಯುತ್ತದೆ. ಆ ತಡೆಯೂ ಸೇರಿದ್ದು ಹುಡುಗನ 28. ಬರಿಯ ತಾಮ್ರದ ರೋಧ ಮೇಸ್ತ್ರಿಯ 4. ಬೋರಿನಲ್ಲಿ ಮರಳು ಕಚ್ಚಿ ಮೋಟರು ನಿಂತುಬಿಟ್ಟರೆ ಆ ಎದುರು ವೋಲ್ಟೇಜೂ ತೀರಾ ಕುಗ್ಗುತ್ತದೆ. ಜಾಮ್ ಆದ ಮೋಟರು ನೋಡನೋಡುತ್ತ ಸುಟ್ಟುಹೋಗುವುದು ಅದಕ್ಕೇ.

ಮೇಸ್ತ್ರಿ ಬೀಡಿ ಕಟ್ಟಿನ ಕಾಗದದ ಮೇಲೆ ಪವರ್ ಲೆಕ್ಕ ಬರೆಯುತ್ತಾರೆ. ತ್ರೀ ಫೇಸಿಗೆ 1.732, ಅದಕ್ಕೆ ವೋಲ್ಟ್, ಆಂಪಿಯರ್, ಪವರ್ ಫ್ಯಾಕ್ಟರ್ 0.8 ಎಂದಿಟ್ಟುಕೊಂಡು ಗುಣಿಸಿದರೆ, ತಗಡಿನ ಲೆಕ್ಕದಲ್ಲಿ 5,175 ವ್ಯಾಟ್, ಈ ರಾತ್ರಿಯ ಲೆಕ್ಕದಲ್ಲಿ 5,258. ಹೆಚ್ಚುಕಮ್ಮಿ ಒಂದೇ! ಆಳದಿಂದ ನೀರೆತ್ತುವ ಕೆಲಸ ಕಡಿಮೆಯಾಗಿಲ್ಲವಲ್ಲ. ವೋಲ್ಟ್ ಇಳಿದಷ್ಟೂ ಮೋಟರು ಹೆಚ್ಚು ಆಂಪಿಯರ್ ಎಳೆದುಕೊಳ್ಳುತ್ತದೆ. ತಾಮ್ರ ಬಿಸಿಯಾಗುವುದು ಆಂಪಿಯರಿನ ವರ್ಗಕ್ಕೆ ತಕ್ಕಂತೆ: 9ರಿಂದ 11.5ಕ್ಕೆ ಏರಿದರೆ ಬಿಸಿ ನೂರಕ್ಕೆ ಅರವತ್ತರಷ್ಟು ಹೆಚ್ಚು. ವಾರ್ನಿಷ್ ಎಷ್ಟು ದಿನ ತಡೆದೀತು?

ಬೋರಿಗೆ ಇಳಿಬಿಟ್ಟ ಕೇಬಲ್ಲಿನದೂ ಪಾಲಿದೆ. ಐನೂರು ಅಡಿ, 2.5 ಸ್ಕ್ವೇರ್ ಎಂಎಂ ತಾಮ್ರ. ಒಂದೊಂದು ಎಳೆಗೆ 1.1 ಓಮ್. ಮೂರು ಎಳೆಯಲ್ಲಿ 430 ವ್ಯಾಟಿಗೂ ಮೇಲೆ, ಅರ್ಧ ಎಚ್‌ಪಿಗಿಂತ ಹೆಚ್ಚು, ಬರೀ ಶಾಖವಾಗಿ ಹೋಗುತ್ತದೆ. ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ವಿದ್ಯುತ್ ಸಾಗಿಸಿದವರು ಸಾವಿರಾರು ವೋಲ್ಟಿಗೆ ಏರಿಸಿ ಕಳಿಸಿದ್ದು ಇದೇ ಕಾರಣಕ್ಕೆ. ಆಂಪಿಯರ್ ಕಡಿಮೆಯಾದರೆ ದಾರಿಯ ನಷ್ಟವೂ ಕಡಿಮೆ.

"ಟಿಸಿನೇ ಬದಲಾಯ್ಸಿ ಅಂತ ಅರ್ಜಿ ಕೊಟ್ಟಿದ್ದೀನಿ ಅಣ್ಣ," ಎನ್ನುತ್ತಾನೆ ರೈತ. ಟಿಸಿ ಎಂದರೆ ಈ ಹೊಲಗಳಿಗೆಲ್ಲ ಕರೆಂಟ್ ಕೊಡುವ ಟ್ರಾನ್ಸ್‌ಫಾರ್ಮರ್.

"ಅರವತ್ಮೂರು ಕೆವಿಎ ಟಿಸಿ, 84 ಆಂಪಿಯರ್ ಅದರ ತಾಕತ್ತು. ನಿಮ್ಮ ಮೋಟ್ರು ಎಷ್ಟವೆ?"

"ಹನ್ನೆರಡು... ಲೆಕ್ಕಕ್ಕೆ ಸಿಕ್ಕೋವು."

ಒಂದೊಂದು ಒಂಬತ್ತರಂತೆ ಎಳೆದರೂ 108. ಶುರುವಾಗುವ ಗಳಿಗೆಯಲ್ಲಿ ಮೋಟರು ಆರು ಪಟ್ಟು ಎಳೆಯುತ್ತದೆ. ಆಟೋ ಹಾಕಿ ಮಲಗಿದವರ ಹನ್ನೆರಡೂ ಒಮ್ಮೆಗೇ ಎದ್ದರೆ 648! ಎಚ್.ಡಿ. ಕೋಟೆಯ ಕಾಡಂಚಿನಲ್ಲಿ ಆಟೋ ಹಾಕಬೇಡಿ ಎಂದು ಹೇಳುವ ಧೈರ್ಯ ನನಗಿಲ್ಲ. ಅಲ್ಲಿ ರಾತ್ರಿ ಮೋಟರ್ ಹಾಕಲು ಹೋದವನಿಗೆ ಆನೆ ಎದುರಾಗಬಹುದು. ಕೆ.ಆರ್. ನಗರದ ಕಾಲುವೆ ಬಯಲಿನ ಗದ್ದೆಯವರಿಗೆ ಈ ಬೋರು, ಮೋಟರಿನ ಪಾಡು ಅಷ್ಟಾಗಿ ಇಲ್ಲ. ಹತ್ತು ಎಚ್‌ಪಿವರೆಗೆ ಪಂಪ್‌ಸೆಟ್ಟಿಗೆ ಕರೆಂಟ್ ಉಚಿತ. ಬಿಲ್ಲು ಚುರುಕು ಮುಟ್ಟಿಸದ ಕಡೆ ಆಂಪಿಯರ್ ನೋಡುವವರು ಯಾರು? ಉಚಿತವಿಲ್ಲದ್ದು ವೈಂಡಿಂಗ್ ಮಾತ್ರ.

ಮೇಸ್ತ್ರಿ ಸ್ಟಾರ್ಟರಿನ ಮುಚ್ಚಳ ತೆಗೆದು ಟಾರ್ಚ್ ಬಿಡಿಸುತ್ತಾರೆ. ಓವರ್‌ಲೋಡ್ ರಿಲೇಯ ಗುಂಡಿಯನ್ನು ಯಾರೋ 14ಕ್ಕೆ ತಿರುಗಿಸಿಟ್ಟಿದ್ದಾರೆ. "ಪದೇ ಪದೇ ಟ್ರಿಪ್ ಆಯ್ತಿತ್ತು..." ರೈತ ತಲೆ ಕೆರೆಯುತ್ತಾನೆ. ಸ್ಕ್ರೂಡ್ರೈವರ್ ತುದಿ ಅದನ್ನು ಹತ್ತಕ್ಕೆ ತರುತ್ತದೆ. ಮೋಟರು ಮತ್ತೆ ಓಡಿ, ಕೆಲವೇ ನಿಮಿಷದಲ್ಲಿ ಟಕ್ ಎಂದು ನಿಲ್ಲುತ್ತದೆ.

ಕಾಯಬೇಕು. ನಡುರಾತ್ರಿ ಕಳೆದ ಮೇಲೆ ಪಕ್ಕದ ನಾಲ್ಕಾರು ಹೊಲದವರು ಮೋಟರ್ ನಿಲ್ಲಿಸುತ್ತಾರೆ. ಮುಳ್ಳು 385ಕ್ಕೆ ಏರುತ್ತದೆ. ಹುಡುಗ ಈ ಸಲ ಒಂದೇ ತಂತಿ ಹಿಡಿದು ಓದುತ್ತಾನೆ: 9.7. ರಿಲೇ ಬೀಳುವುದಿಲ್ಲ.

"ಪಾಳಿ ಮಾಡ್ಕಳಿ. ಆರು ಜನ ಮೊದಲು, ಆರು ಜನ ಆಮೇಲೆ. ಕೇಬಲ್ ನಾಲ್ಕು ಸ್ಕ್ವೇರ್ ಹಾಕ್ಸು."

"ಅವ್ರು ಕೇಳ್ಬೇಕಲ್ಲಣ್ಣ."

"ಕೇಳ್ದಿದ್ರೆ ಬೇಡ ಬಿಡಪ್ಪ. ನನಗೇನು ಲುಕ್ಸಾನಿಲ್ಲ," ಎಂದು ಮೇಸ್ತ್ರಿ ಟಾಂಗ್ ಟೆಸ್ಟರ್ ಚೀಲಕ್ಕೆ ಹಾಕುತ್ತಾರೆ.