ಕರೆಂಟು ಹೋದಾಗ ಮೀನಿಗೆ ದೀಪ ಬೇಕೇ?

ಮಳೆಗಾಲ ಬಂತೆಂದರೆ ನಮ್ಮ ಮಂಗಳೂರಿನಲ್ಲಿ ಕರೆಂಟು ಹೋಗುವುದು ಹೊಸತೇನಲ್ಲ. ಒಂದು ಗಾಳಿ ಬೀಸಿ ತೆಂಗಿನ ಮಡಲು ತಂತಿಯ ಮೇಲೆ ಬಿದ್ದರೆ ಮುಗಿಯಿತು. ಆಗ ನೀವು ಮೊದಲು ಏನು ಹುಡುಕುತ್ತೀರಿ? ಬೆಂಕಿಪೊಟ್ಟಣ, ಮೇಣದಬತ್ತಿ ತಾನೇ? ನಾನೂ ಹಾಗೆಯೇ. ಆದರೆ ಆ ಅಭ್ಯಾಸವೇ ನಮ್ಮ ಮನೆಯಲ್ಲಿ ಒಂದು ಜೀವ ತೆಗೆಯಿತೆಂದರೆ ನಂಬುತ್ತೀರಾ?

ಮಗ ಓದಲು ಬೆಂಗಳೂರಿಗೆ ಹೋಗುವಾಗ ತನ್ನ ಉಪ್ಪುನೀರಿನ ಮೀನಿನ ತೊಟ್ಟಿಯನ್ನು ನನಗೆ ಒಪ್ಪಿಸಿ ಹೋದ. ಎರಡು ಕ್ಲೌನ್ ಮೀನು, ಕಿತ್ತಳೆ ಮೈಗೆ ಬಿಳಿ ಪಟ್ಟಿ. ಎರಡು ನೀಲಿ ಡ್ಯಾಮ್ಸೆಲ್. ಹೊತ್ತುಹೊತ್ತಿಗೆ ಚಿಟಿಕೆ ಆಹಾರ ಹಾಕುತ್ತಾ ಅವು ನನಗೂ ಮಕ್ಕಳಂತೆಯೇ ಆಗಿಬಿಟ್ಟವು.

ಕಳೆದ ಆಷಾಢದ ಒಂದು ರಾತ್ರಿ, ಒಂಬತ್ತಕ್ಕೆ ಕರೆಂಟು ಹೋಯಿತು. ತೊಟ್ಟಿಯ ಹತ್ತಿರ ಇನ್‌ವರ್ಟರಿನ ಪ್ಲಗ್ ಇದ್ದದ್ದು ಒಂದೇ. "ಪಾಪ, ಕತ್ತಲಲ್ಲಿ ಹೆದರುತ್ತವೆ" ಎಂದುಕೊಂಡು ತೊಟ್ಟಿಯ ದೀಪವನ್ನು ಅದಕ್ಕೆ ಸಿಕ್ಕಿಸಿದೆ. ಗಾಳಿ ಪಂಪಿನ ಗೊರಗೊರ ಸದ್ದು ಒಂದು ರಾತ್ರಿ ನಿಂತರೇನಂತೆ ಎನಿಸಿತು. ನೆಮ್ಮದಿಯಿಂದ ಮಲಗಿದೆ.

ನಾಲ್ಕು ಗಂಟೆಗೆ ಎದ್ದು ನೋಡಿದರೆ ದೀಪ ಜಗಜಗ ಉರಿಯುತ್ತಿದೆ, ಮೀನುಗಳೆಲ್ಲ ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿವೆ! ಕೈಕಾಲೇ ಆಡಲಿಲ್ಲ. ಲೋಟದಲ್ಲಿ ನೀರು ಮೊಗೆದು, ಬಿಸಿ ಹಾಲು ಆರಿಸುವ ಹಾಗೆ ಮೇಲಿನಿಂದ ಹೊಯ್ಯುತ್ತಾ ಕುಳಿತೆ. ಮೂರು ಉಳಿದವು. ದೊಡ್ಡ ಕ್ಲೌನ್ ಮೀನು ಉಳಿಯಲಿಲ್ಲ.

ಬೆಳಿಗ್ಗೆ ಮಗನಿಗೆ ಫೋನು ಮಾಡಿ ಹೇಳುವಾಗ ನನಗೆ ಗಂಟಲೇ ಕಟ್ಟಿತು. ಅವನು ಬೈಯಲಿಲ್ಲ. "ಅಳಬೇಡಮ್ಮ. ಸಮುದ್ರದಲ್ಲಿ ರಾತ್ರಿ ಆಗೋದಿಲ್ವಾ? ಬೆಳಕಿಲ್ಲದೆ ಒಂದೆರಡು ದಿನ ಮೀನಿಗೆ ಏನೂ ಆಗೋದಿಲ್ಲ. ನೀರು ಅಲುಗಾಡದಿದ್ರೆ ಉಸಿರು ಕಟ್ಟುತ್ತೆ" ಎಂದ.

ಸಂಗತಿ ಇಷ್ಟೇ. ನೀರಿಗೆ ಆಮ್ಲಜನಕ ಸೇರುವುದು ಬಹುಪಾಲು ಮೇಲ್ಮೈಯಿಂದ; ನೀರು ಕಲಕುತ್ತಿದ್ದರೆ ಅದು ತಳದವರೆಗೂ ಇಳಿಯುತ್ತದೆ. ಸಿಹಿನೀರಿಗಿಂತ ಉಪ್ಪುನೀರಿನಲ್ಲಿ ಆಮ್ಲಜನಕ ಕಡಿಮೆ ನಿಲ್ಲುತ್ತದೆ, ಬೆಚ್ಚಗಿನ ನೀರಿನಲ್ಲಿ ಇನ್ನೂ ಕಡಿಮೆ. ನಮ್ಮ ಕರಾವಳಿಯ ಸೆಕೆಗೆ ಕೇಳಬೇಕೇ?

ಹೊರದೇಶಗಳಲ್ಲಿ ತೊಟ್ಟಿಯಲ್ಲಿ ಹವಳ ಸಾಕುತ್ತಾರೆ. ಹವಳದ ಮೈಯೊಳಗಿನ ಸೂಕ್ಷ್ಮ ಪಾಚಿ ಬೆಳಕಿನಿಂದ ಆಹಾರ ತಯಾರಿಸಿ ಅದಕ್ಕೂ ಉಣಿಸುತ್ತದೆ. ಹಾಗಾಗಿ ಅಲ್ಲಿ ದೀಪದ ಚಿಂತೆ ಹೆಚ್ಚು. ಅದೂ ಒಂದೆರಡು ದಿನದ ಕತ್ತಲನ್ನು ತಡೆಯುತ್ತದೆ. ನಮ್ಮಲ್ಲಾದರೋ ದಿಬ್ಬ ಕಟ್ಟುವ ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಯಾರಾದರೂ ಮಾರಲು ಬಂದರೆ ಕೊಳ್ಳಬೇಡಿ.

ನಿಮ್ಮ ಮನೆಯಲ್ಲೂ ಇಂಥ ತೊಟ್ಟಿ ಇದ್ದರೆ ಇನ್‌ವರ್ಟರಿಗೆ ಮೊದಲು ಪಂಪನ್ನೇ ಹಾಕಿ. ಚಿಕ್ಕ ಗಾಳಿ ಪಂಪಿಗೆ ಬೇಕಾಗುವುದು ಕೆಲವೇ ವಾಟ್. ತೊಟ್ಟಿಯ ದೊಡ್ಡ ದೀಪ ಅದರ ಹತ್ತರಷ್ಟು ತಿಂದೀತು. ಇನ್‌ವರ್ಟರ್ ಇಲ್ಲದವರು ಬ್ಯಾಟರಿಯ ಪಂಪೊಂದನ್ನು ತಂದಿಟ್ಟುಕೊಳ್ಳಿ. ಕರೆಂಟು ಬರುವವರೆಗೆ ಮೀನಿಗೆ ಆಹಾರ ಹಾಕಬೇಡಿ. ತಿಂದು ಉಳಿದದ್ದು ನೀರು ಕೆಡಿಸುತ್ತದೆ. ನಿಮಗೆ ಕಾಣಲು ಬೆಳಕು ಬೇಕಾದರೆ ಎಮರ್ಜೆನ್ಸಿ ದೀಪವನ್ನು ಕೋಣೆಯ ಮೂಲೆಯಲ್ಲಿಡಿ. ಕತ್ತಲಲ್ಲಿ ಮಲಗಿದ ಮೀನಿನ ಮುಖಕ್ಕೇ ಟಾರ್ಚು ಬಿಟ್ಟರೆ ಬೆದರಿ ಹೊರಗೆ ಹಾರುವುದೂ ಉಂಟು. ತೊಟ್ಟಿಯ ಮೇಲೆ ಪ್ಲಗ್ಗಿನ ದೀಪ ತೂಗುಹಾಕುವುದಂತೂ ಬೇಡವೇ ಬೇಡ. ಉಪ್ಪುನೀರಿನಲ್ಲಿ ವಿದ್ಯುತ್ತು ಸರಾಗವಾಗಿ ಹರಿಯುತ್ತದೆ, ಜೀವಕ್ಕೇ ಅಪಾಯ.

ನನಗೆ ಕತ್ತಲೆಂದರೆ ಭಯ, ಹಾಗಾಗಿ ಮೀನಿಗೂ ಭಯವೆಂದು ಭಾವಿಸಿದೆ. ಮಕ್ಕಳ ವಿಷಯದಲ್ಲೂ ನಾವು ಎಷ್ಟೋ ಸಲ ಹೀಗೇ ಮಾಡುತ್ತೇವೆ, ಅಲ್ಲವೇ? ಈಗ ಕರೆಂಟು ಹೋದರೆ ಮೊದಲು ತೊಟ್ಟಿಯ ಬಳಿ ನಿಂತು ಗುಳ್ಳೆಯ ಸದ್ದು ಕೇಳಿಸಿಕೊಳ್ಳುತ್ತೇನೆ. ಬೆಂಕಿಪೊಟ್ಟಣ ಹುಡುಕುವುದು ಆಮೇಲೆ.